ಹಂಪಣ್ಣನ ಗೋಡೆಯ ನಿರಪಾಯ ರಂಧ್ರ

ಫಸಲಿ ೧೩೫೨ನೆಯ ಸಾಲಿನಲ್ಲಿ, ಅಂದರೆ ದೊಡ್ಡ ಲಡಾಯಿ ನಡೆದಿದ್ದ ೧೯೪೩ರಲ್ಲಿ, ಕುಷ್ಟಗಿ ತಾಲೂಕಿನಲ್ಲಿ ವಿದ್ಯುಚ್ಛಕ್ತಿ ಇರಲಿಲ್ಲ. ಆದರೆ ವಿದ್ಯುಚ್ಛಕ್ತಿಯಿಂದ ಪ್ರಜೆಗಳಿಗೆ ಒದಗಬಹುದಾದ ಅಪಾಯಗಳನ್ನು ತಡೆಗಟ್ಟುವ ಕಚೇರಿ ಇತ್ತು.

ಕಚೇರಿಯ ಹೆಸರು 'ಬಿಜಲಿ ರಂಧ್ರಗಳ ಸಲಾಮತಿ ಸರಿಶ್ತೆ', ಅಂದರೆ ವಿದ್ಯುತ್ತಿನ ತೂತುಗಳ ಸುರಕ್ಷತಾ ಇಲಾಖೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳಲ್ಲಿ ಯಾರದಾದರೂ ಗೋಡೆಯಲ್ಲಿ ಬಿಜಲಿ ಹರಿಯುವ ತೂತು ಕಂಡುಬಂದರೆ, ಅದು ಜೀವಕ್ಕೆ ಸಲಾಮತ್ತೋ ಅಲ್ಲವೋ ನೋಡಿ ಮೊಹರು ಒತ್ತುವುದು ಅದರ ಕೆಲಸ. ಸ್ಥಾಪನೆಯಾಗಿ ಆರು ವರ್ಷವಾದರೂ ಕುಷ್ಟಗಿಯಲ್ಲಿ ಒಂದೇ ಒಂದು ಬಿಜಲಿ ಅಪಘಾತ ಆಗಿರಲಿಲ್ಲ. ಇಂಥ ದಾಖಲೆ ಹೈದರಾಬಾದಿನಲ್ಲಿಲ್ಲ, ಮುಂಬಯಿಯಲ್ಲಿಲ್ಲ. ಲಂಡನ್ನಿನ ಮಾತಂತೂ ಎತ್ತುವುದೇ ಬೇಡ. ಕಚೇರಿಯಲ್ಲಿ ಇಬ್ಬರಿದ್ದರು. ಒಬ್ಬರು ಮುಖ್ಯಸ್ಥರಾದ ಗ್ಯಾನಪ್ಪ ಪೇಶ್ಕಾರರು. ಇನ್ನೊಬ್ಬ ಜವಾನ ಮುದುಕಪ್ಪ; ಸರ್ಕಾರಿ ಸೇವೆಗೆ ಬರುವ ಮೊದಲು ಕುಷ್ಟಗಿಯ ದನದ ಸಂತೆಯಲ್ಲಿ ಇಪ್ಪತ್ತು ವರ್ಷ ದಲ್ಲಾಳಿಯಾಗಿದ್ದವನು.

ಈ ಕಚೇರಿಗೆ ಮೊದಲ ಕೆಲಸ ತಂದುಕೊಟ್ಟ ಕೀರ್ತಿ ಕುಸುಬಿ ಎಣ್ಣೆಯ ವ್ಯಾಪಾರಿ ಹಂಪಣ್ಣನಿಗೆ ಸಲ್ಲಬೇಕು.

ಹಂಪಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. ನಿಜಕ್ಕೆ ತುಸು ಎಣ್ಣೆ ಹಚ್ಚಿ ತಿಕ್ಕಿ ಹೊಳೆಯಿಸುವವನು, ಅಷ್ಟೇ. ಹನ್ನೊಂದು ವರ್ಷದ ಹಿಂದೆ ಇರಕಲ್ಲಗಡಕ್ಕೆ ಮದುಮಗನಾಗಿ ಹೋದಾಗ, ಊರ ಅಗಸಿಬಾಗಿಲಲ್ಲಿಯೇ ಅವನ ಗಾಡಿಯ ಅಚ್ಚು ಮುರಿದಿತ್ತು. ಬೀಗರ ಕಡೆಯ ಹೆಂಗಸರು ಹಂದರದ ತುಂಬ ನಕ್ಕರು. ಹಂಪಣ್ಣ ಬಾಸಿಂಗ ಕಟ್ಟಿಕೊಂಡೇ ಎದ್ದು ನಿಂತು, "ಕೇಳ್ರೆಪಾ ಇರಕಲ್ಲಗಡದ ಮಂದಿ! ಈ ಹೆಣ್ಣು ಇನ್ನ ಈ ಅಗಸಿ ಒಳಗ ಕಾಲಿಟ್ರ ಮೋಟಾರದಾಗ ಬಂದು ಕಾಲಿಡತಾಳ. ಇಲ್ಲಾ ಬರಾಂಗಿಲ್ಲ!" ಎಂದು ಘೋಷಿಸಿದ. ಅಕ್ಷತೆಗಿಂತ ಮೊದಲು ಆ ಮಾತು ಬಿತ್ತು.

ಪರಿಣಾಮವಾಗಿ ಅವನ ಹೆಂಡತಿ ಬಸವಣ್ಣೆಮ್ಮ ಹನ್ನೊಂದು ವರ್ಷ ತವರು ಕಾಣಲಿಲ್ಲ. ಪ್ರತಿ ವರ್ಷ ನಾಗರಪಂಚಮಿ ಬಂತೆಂದರೆ ಅವಳ ಅಣ್ಣ ಅಮರಪ್ಪ ಕರೆಯಲಿಕ್ಕೆ ಗಾಡಿ ಕಟ್ಟಿಕೊಂಡು ಬರುವುದು, ಹಂಪಣ್ಣ ಮೀಸೆ ತಿರುವಿ "ಮೋಟಾರ ಬರಲಿ ತಡಿ" ಎನ್ನುವುದು, ಅಮರಪ್ಪ ಉಂಡಿಯ ಡಬ್ಬಿ ಇಳಿಸಿ ಬರಿಗಾಡಿ ಹೊಡೆದುಕೊಂಡು ಹೋಗುವುದು ರೂಢಿಯಾಯಿತು.

"ಮೀಸಿ ನಿಮ್ಮದು, ಉಪವಾಸ ನಂದು," ಎನ್ನುತ್ತಿದ್ದಳು ಬಸವಣ್ಣೆಮ್ಮ.

ಆ ವರ್ಷ ಅಮರಪ್ಪ ಯುಗಾದಿಗೇ ಬಂದ. "ತಂಗೀ, ಅವ್ವನ ಕಣ್ಣಿಗೆ ಪೊರಿ ಬಂದೈತಿ. ಈ ಪಂಚಮಿಗಿ ಬಂದ್ರ ನಿನ್ನ ಮಾರಿ ಕಾಣತಾಳ. ಮುಂದಿನ ಪಂಚಮಿಗಿ ಬಂದ್ರ ಬರೇ ಧ್ವನಿ ಕೇಳತಾಳ," ಎಂದ.

ಬಸವಣ್ಣೆಮ್ಮ ಅಳಲಿಲ್ಲ. ಅಣ್ಣನನ್ನು ಅಗಸಿತನಕ ಕಳಿಸಿ ಬಂದು ಗಂಡನ ಅಂಗಡಿಯ ಮುಂದೆ ನಿಂತು, "ಮೋಟಾರ ತರ್ರಿ. ಇಲ್ಲಾ ಮಾತು ಹೊಳ್ಳಿ ತಗೋರ್ರಿ. ಪಂಚಮಿಗಿ ನಾ ಅವ್ವನ ಮುಂದ ಇರಬೇಕು," ಎಂದಳು.

ಮಾರಿದ ಎಣ್ಣೆಯನ್ನಾದರೂ ಹಂಪಣ್ಣ ಹೊಳ್ಳಿ ತೆಗೆದುಕೊಂಡಾನು, ಆಡಿದ ಮಾತನ್ನಲ್ಲ. ಮೋಟಾರು ಹುಡುಕಿದ. ಆಗ ಪೆಟ್ರೋಲೆಲ್ಲ ಲಡಾಯಿಗೆ ಹೋಗಿತ್ತು. ಇದ್ದ ಮೋಟಾರುಗಳ ಮೇಲೆಯೇ ಕೋಳಿ ಕಾವಿಗೆ ಕೂತಿದ್ದವು. ಕಡೆಗೆ ಹೈದರಾಬಾದಿನ ಯಾವುದೋ ನವಾಬರ ಹಳೆಯ ದೇವಡಿಯ ಸಾಮಾನು ಹರಾಜಿಗೆ ಬಂದಾಗ ಪೆಟ್ರೋಲೇ ಕುಡಿಯದ ಒಂದು ಬಿಜಲಿ ಮೋಟಾರು ಸಿಕ್ಕಿತು. ಅದು ರೈಲಿನಲ್ಲಿ ಕೊಪ್ಪಳ ಸ್ಟೇಶನ್ನಿಗೆ ಬಂದಿಳಿಯಿತು. ನಾಲ್ಕೂ ಕಡೆ ಗಾಜು, ಒಳಗೆ ಮಖಮಲ್ಲಿನ ಗಾದಿ, ಹೂವಿಡಲಿಕ್ಕೆ ಬೆಳ್ಳಿಯ ಕೊಳವೆ. ಒಟ್ಟಿನಲ್ಲಿ ದೇವರಿಲ್ಲದ ಪಲ್ಲಕ್ಕಿಗೆ ಗಾಲಿ ಹಚ್ಚಿದಂತೆ. ಮೋಟಾರಿನ ಹೊಟ್ಟೆ ಖಾಲಿ ಇದ್ದುದರಿಂದ ಗಾಡಿಕಾರ ಗಿಡ್ಡಪ್ಪ ತನ್ನ ಎತ್ತುಗಳಾದ ಮಾಸ್ಯಾ ಮತ್ತು ಕೆಂದ್ಯಾರನ್ನು ಹೂಡಿ ಅದನ್ನು ಎರಡು ದಿನದಲ್ಲಿ ಕುಷ್ಟಗಿಗೆ ಎಳೆದು ತಂದ.

ಜೊತೆಗೊಂದು ಕಾಗದವಿತ್ತು. "ಈ ಮೋಟಾರನ್ನು ಮನೆಯಲ್ಲಿ ಎಂಟು ತಾಸು ಗೋಡೆಯ ತೂತಿಗೆ ತಂತಿಯಿಂದ ಕಟ್ಟಿದರೆ ಬಿಜಲಿ ಕುಡಿದು ನಲವತ್ತು ಮೈಲಿ ಓಡುತ್ತದೆ. ತೂತು ಮಾತ್ರ ಸುರಕ್ಷಿತವಾಗಿರಲಿ."

ಹಂಪಣ್ಣ ಉಮರಸಾಬನನ್ನು ಕರೆಸಿದ. ಉಮರಸಾಬ ಕೊಪ್ಪಳದ ಹತ್ತಿ ಮಿಲ್ಲಿನಲ್ಲಿ ಡೈನಮೋ ನೋಡಿಕೊಂಡಿದ್ದ ಮಿಸ್ತ್ರಿ. ಕುಷ್ಟಗಿಯಲ್ಲಿ ಬಿಜಲಿಯನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ಆದಕಾರಣ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

"ಹಂಪಣ್ಣಾರ, ತೂತು ಕೊರಿಯೋದು ಅರ್ಧಾ ತಾಸಿನ ಕೆಲಸ. ಅದರಾಗ ಬಿಜಲಿ ಎಲ್ಲಿಂದ ತರತೀರಿ?"

"ಹುಚ್ಚಪ್ಪಾ, ಭಾವಿ ತೋಡಿದ ಮ್ಯಾಲ ನೀರು ಬರತಾವೋ, ನೀರು ಬಂದ ಮ್ಯಾಲ ಭಾವಿ ತೋಡತಾರೋ? ಮೊದಲ ನೀ ತೋಡು."

ಭಾವಿಯ ಮಾತು ಬಂದ ಮೇಲೆ ನಮ್ಮ ಸೀಮೆಯಲ್ಲಿ ಯಾರೂ ಎದುರಾಡುವುದಿಲ್ಲ. ಉಮರಸಾಬ ತೋಡಿದ. ಮೂರು ತೂತಿನ ಪಿಂಗಾಣಿ ಬಿಲ್ಲೆಯೊಂದನ್ನು ಪಡಸಾಲೆಯ ಗೋಡೆಗೆ ಕೂಡಿಸಿದ. ಸುದ್ದಿ ಕಚೇರಿಗೆ ಮುಟ್ಟಿತು. ಮರುದಿನ ಮಧ್ಯಾಹ್ನ ಸರಿಯಾಗಿ ಎಲೆ ಹಾಕುವ ಹೊತ್ತಿಗೆ ಗ್ಯಾನಪ್ಪ ಪೇಶ್ಕಾರರು ತಪಾಸಣೆಗೆ ಬಂದರು. ಆರು ವರ್ಷ ಕಾದ ಕೆಲಸ. ಅವರ ಕಣ್ಣಲ್ಲಿ ನೀರಾಡಿತು.

ಊಟಕ್ಕೆ ಕೂತು ಅವರು ಕಾಯಿದೆ ಓದಿದರು. ಬಸವಣ್ಣೆಮ್ಮನಿಗೆ ಅಕ್ಷರ ಬಾರದು, ಬಡಿಸುತ್ತ ಕೇಳಿದಳು.

"ಕಲಮು ಎರಡು. ಗಾಲಿಯೂ ತಂತಿಯೂ ಉಳ್ಳ ಯಾವುದೇ ವಸ್ತುವು ಬಿಜಲಿ ಮೋಟಾರು ಎನಿಸತಕ್ಕದ್ದು. ಕಲಮು ನಾಲ್ಕು. ರಂಧ್ರವು ಮಕ್ಕಳ ಕೈಗೆ ಎಟುಕದಷ್ಟು ಎತ್ತರವಿದ್ದು, ಕುಳ್ಳ ಅಧಿಕಾರಿಗಳ ಕೈಗೆ ಎಟುಕುವಷ್ಟು ತಗ್ಗಿನಲ್ಲಿರತಕ್ಕದ್ದು. ಕಲಮು ಏಳು. ಒಂದು ಊರು ಮುಟ್ಟಿದ ಬಿಜಲಿ ಮೋಟಾರು, ಆ ಊರಿನಲ್ಲಿ ಮೊಹರಾದ ರಂಧ್ರಕ್ಕೆ ಎಂಟು ತಾಸು ಕಟ್ಟಿಸಿಕೊಳ್ಳದೆ ಹೊಳ್ಳಿ ಹೋಗಕೂಡದು. ಅದರಲ್ಲಿ ಕೂತು ಬಂದವರು ಅದರಲ್ಲಿಯೇ ಹೋಗತಕ್ಕದ್ದು. ತಂಗೀ, ಎಣಗಾಯಿ ಇನ್ನೊಂದು ಹಾಕವಾ."

"ಯಾಕ್ರಿ ಆ ಕಲಮು ಏಳು?" ಎಂದಳು ಬಸವಣ್ಣೆಮ್ಮ, ಎಣಗಾಯಿ ಹಾಕುತ್ತ.

"ಅರ್ಧ ದಾರ್ಯಾಗ ಬಳಲಿ ನಿಂತ್ರ ಸರಕಾರಿ ರಸ್ತೆಕ್ಕ ಅಡ್ಡಿ ಅಲ್ಲೇನವಾ?"

"ಖರೇ ಐತ್ರಿ," ಎಂದು ಅವಳು ಇನ್ನೊಂದು ಹಾಕಿದಳು.

ಬಿಲ್ಲೆಯ ಮೂರನೆಯ ತೂತಿನ ಹತ್ತಿರ ಪೇಶ್ಕಾರರು ನಿಂತರು. "ಇದು ಯಾತಕ್ಕ?"

"ದಾರಿ ತಪ್ಪಿದ ಬಿಜಲಿ ಮಣ್ಣಿಗೆ ಇಳಿಯಾಕ್ರಿ ಸಾಹೇಬ್ರ," ಎಂದ ಉಮರಸಾಬ. "ಒಂದು ತಗ್ಗು ತೆಗದು, ಉಪ್ಪು, ಇದ್ದಲಿ ಹಾಕಿ, ತಂತಿ ಹುಗೀಬೇಕ್ರಿ. ಜೀವಕ್ಕ ಅದ ಕಾವಲು."

"ಎಷ್ಟು ಉಪ್ಪು?"

"ನಾಕು ಬೊಗಸಿ ಸಾಕ್ರಿ."

ಪೇಶ್ಕಾರರು ಬರೆದುಕೊಂಡರು: ಉಪ್ಪು ನಾಲ್ಕು ಚೀಲ, ಇದ್ದಲಿ ಆರು ಚೀಲ. ಕುಷ್ಟಗಿಯ ಮಣ್ಣು ಉಷ್ಣ ಗುಣದ್ದಾದ್ದರಿಂದ ತಂಪಿಗೆ ತುಪ್ಪ ಎರಡು ಕೊಡ. ಬರಿಯ ತುಪ್ಪವನ್ನು ಭೂಮಿ ಕುಡಿಯುವುದಿಲ್ಲವಾದ್ದರಿಂದ ಸಣ್ಣಕ್ಕಿ ಒಂದು ಚೀಲ. ಸಾಮಾನೆಲ್ಲ ಪರೀಕ್ಷೆಗೆಂದು ಪೇಶ್ಕಾರರ ಮನೆಗೆ ಹೋಯಿತು. ಪರೀಕ್ಷೆಯಲ್ಲಿ ಪಾಸಾಗಿ ನಾಲ್ಕು ಬೊಗಸೆ ಉಪ್ಪು ಮಾತ್ರ ಹೊಳ್ಳಿ ಬಂತು. ಉಮರಸಾಬನಿಗೆ ಬೇಕಾದದ್ದೂ ಅಷ್ಟೇ ಆದ್ದರಿಂದ ಲೆಕ್ಕ ಸರಿಹೋಯಿತು.

ಮುಂದಿನ ಎರಡು ತಿಂಗಳಲ್ಲಿ ಹನ್ನೊಂದು ತಪಾಸಣೆಗಳಾದವು. ಒಂದಾದರೂ ಊಟದ ಹೊತ್ತು ಮೀರಲಿಲ್ಲ. ಸರ್ಕಾರಿ ಕೆಲಸದಲ್ಲಿ ಇಷ್ಟು ಹೊತ್ತಿನ ನಿಷ್ಠೆ ಅಪರೂಪ. ಎಣಗಾಯಿ ಮಾಡಿದ ದಿನ ಪೇಶ್ಕಾರರಿಗೆ ಗೋಡೆಯಲ್ಲಿ ಹೊಸದೊಂದು ಶಂಕೆ ಹುಟ್ಟಿ ಇನ್ನೊಂದು ತಪಾಸಣೆ ಬೀಳುತ್ತಿತ್ತು. ಬರಿಯ ಸಾರು ಇದ್ದ ದಿನ ಗೋಡೆ ಪೂರ್ತಿ ನಿರ್ದೋಷಿ. ಗಂಡನಿಗೆ ಇದು ತಿಳಿಯಲಿಲ್ಲ. ಬಸವಣ್ಣೆಮ್ಮ ನಾಲ್ಕನೆಯ ತಪಾಸಣೆಗೇ ತಿಳಿದುಕೊಂಡಳು. ಆ ಮೇಲೂ ಎಣಗಾಯಿ ಮಾಡಿದವಳು ಅವಳಲ್ಲ, ಡೌಲು ಬಿಡದ ಹಂಪಣ್ಣ ಮಾಡಿಸಿದ್ದು. ಆಷಾಢ ಹಿಡಿದ ದಿನದಿಂದ ಅವಳು ಕಟ್ಟುನಿಟ್ಟಾಗಿ ಸಾರು ಮಾಡತೊಡಗಿದಳು. ಕಡತ ಓಡಿತು.

ಆದರೂ ಕಡೆಯ ತೊಡಕೊಂದಿತ್ತು. ಪೇಶ್ಕಾರರು ಹೇಳಿದರು: "ಹಂಪಣ್ಣಾರ, ಕಾಯಿದೇದಾಗ 'ಸುರಕ್ಷಿತ ರಂಧ್ರವನ್ನು ಆಯ್ಕೆ ಮಾಡತಕ್ಕದ್ದು' ಅಂತ ಐತಿ. ಒಂದ ತೂತು ಇದ್ರ ಆಯ್ಕೆ ಹೆಂಗಾಗತೈತಿ? ನಾಕೂ ತಾಲೂಕಿನ ತೂತು ನೋಡಿ, ತೂಗಿ, ಆಮ್ಯಾಲ ಆರಿಸಬೇಕು."

"ಪಂಚಮಿ ಇನ್ನ ಹದಿನೈದ ದಿನ ಐತ್ರಿ!"

"ಪಂಚಮಿ ನಮ್ಮ ಸರಿಶ್ತೇಕ್ಕ ಬರಾಂಗಿಲ್ಲ."

ತೂತನ್ನು ತೂಗುವುದು ಹೇಗೆಂಬುದಕ್ಕೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ. ಮುದುಕಪ್ಪನಲ್ಲಿ ಇತ್ತು. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಕೂಗುವುದಿಲ್ಲ. ದಲ್ಲಾಳಿ ಟವೆಲ್ಲು ಮುಚ್ಚಿ, ಅದರಡಿ ಎದುರಿನವನ ಬೆರಳು ಹಿಡಿದು, ಅದುಮಿ ಕೇಳುತ್ತಾನೆ. "ಸಾಹೇಬ್ರ, ಬಿಜಲಿ ಕಣ್ಣಿಗಿ ಕಾಣಾಂಗಿಲ್ಲ. ಕಾಣದ್ದನ್ನ ಮಂದಿ ಮುಂದ ಕೇಳಿದ್ರ ಯಾರು ಖರೇ ಹೇಳತಾರ? ಟವೆಲ್ ಕೆಳಗ ಕೇಳಬೇಕ್ರಿ," ಎಂದ. ಪೇಶ್ಕಾರರು ತಲೆದೂಗಿ ಇದನ್ನು ಕಲಮು ಹದಿಮೂರು ಎಂದು ಸೇರಿಸಿದರು.

ಮೊದಲು ಕೊಪ್ಪಳದ ಹತ್ತಿ ಮಿಲ್ಲು. ಡೈನಮೋ ಗುಂಯ್‌ಗುಡುತ್ತಿತ್ತು. "ಮುದುಕಪ್ಪಾ, ಬ್ಯಾಡೋ!" ಎಂದು ಜೊತೆಗೆ ಬಂದಿದ್ದ ಉಮರಸಾಬ ಕೂಗಿದ. ಮುದುಕಪ್ಪ ತೂತಿಗೆ ಟವೆಲ್ಲು ಹೊದಿಸಿ, ಒಳಗೆ ಕೈ ಹಾಕಿ, ಸಂತೆಯ ಗತ್ತಿನಲ್ಲಿ ಕೇಳಿದ: "ಹೇಳಪಾ, ನಿನ್ನ ಕಡೀ ಮಾತು ಎಷ್ಟು?"

ತೂತು ತನ್ನ ಕಡೆಯ ಮಾತನ್ನು ಒಂದೇ ಸಲಕ್ಕೆ ಹೇಳಿತು. ಟವೆಲ್ಲು ತೊಲೆಗೆ ಹೋಗಿ ಜೋತುಬಿತ್ತು. ಮುದುಕಪ್ಪ ಎಂಟು ಮೊಳ ದೂರದ ಹತ್ತಿ ಅಂಡಿಗೆಯ ಮೇಲೆ ಸ್ವಸ್ಥವಾಗಿ ಮಲಗಿದ್ದ.

"ಏನಂತು?" ಎಂದು ಪೇಶ್ಕಾರರು ಲೇಖಣಿ ಹಿಡಿದು ಕೇಳಿದರು.

"ಭಾಳ ಹೆಚ್ಚಿಗಿ ಹೇಳತೈತ್ರಿ," ಎಂದ ಮುದುಕಪ್ಪ ತೊಲೆ ನೋಡುತ್ತ. "ಚೌಕಾಸಿಗೆ ಜಾಗಾನ ಇಲ್ಲ."

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಅಂದು ಇಂಜಿನ್ನಿನ ಪಟ್ಟಿ ಸಡಿಲಾಗಿತ್ತು. ಮುದುಕಪ್ಪ ನಡುಗುತ್ತ ಕೈ ಹಾಕಿ, ನಡುಗುತ್ತ ತೆಗೆದ. "ಮಾತು ಗಟ್ಟಿ ಇಲ್ರಿ. ಒಮ್ಮೆ ಹೂಂ ಅಂತೈತಿ, ಒಮ್ಮೆ ಊಹೂಂ ಅಂತೈತಿ. ನಂಬೂ ಕುಳ ಅಲ್ಲ." ಯಲಬುರ್ಗಾದಲ್ಲಿ ತೂತೇ ಇರಲಿಲ್ಲ. ಆದರೂ ನಿಯಮದಂತೆ ಹೋಗಿ, ಊಟ ಮಾಡಿ, ಇಲ್ಲದ್ದನ್ನು ನೋಡಿ ಬಂದರು.

ಕಡೆಗೆ ಕುಷ್ಟಗಿ. ಹಂಪಣ್ಣನ ಪಡಸಾಲೆಯಲ್ಲಿ ಊರು ಸೇರಿತ್ತು. ಮುದುಕಪ್ಪ ದೇವರಿಗೆ ಕೈಮುಗಿದು, ಟವೆಲ್ಲು ಮುಚ್ಚಿ, ಕಣ್ಣು ಮುಚ್ಚಿ ಬೆರಳಿಟ್ಟ. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಆಮೇಲೆ ಟವೆಲ್ಲಿನ ಕಡೆಯಿಂದ ಗೊರಕೆ ಕೇಳಿಬಂತು.

ಎಬ್ಬಿಸಿದಾಗ ಮುದುಕಪ್ಪನ ಮುಖದಲ್ಲಿ ಭಕ್ತಿ ಇತ್ತು. "ಇಂಥಾ ಸಂಭಾವಿತ ತೂತು ನಾ ಕಂಡಿಲ್ರಿ. ಏನು ಕೇಳಿದ್ರೂ ಒಪ್ಪಿಕೊಂಡು ಸುಮ್ಮಕ ಕುಂತೈತಿ."

"ಸಾಹೇಬ್ರ," ಎಂದು ಉಮರಸಾಬ ಮುಂದೆ ಬಂದ, "ಇದರಾಗ ಬಿಜಲೀನ ಇಲ್ರಿ!"

ಪೇಶ್ಕಾರರು ಅವನ ಕಡೆ ಕರುಣೆಯಿಂದ ನೋಡಿದರು. "ಮಿಸ್ತ್ರೀ, ನಮ್ಮದು ತೂತಿನ ಸರಿಶ್ತೆ. ಬಿಜಲೀದು ಬ್ಯಾರೇ ಸರಿಶ್ತೆ. ಅದು ಇನ್ನ ಹುಟ್ಟಿಲ್ಲ. ಹುಟ್ಟಿದ ಮ್ಯಾಲ ಅಲ್ಲಿ ಹೋಗಿ ಅರ್ಜಿ ಕೊಡು."

ಮರುದಿನ ಡಂಗುರ ಸಾರಿ ಜಾಹೀರನಾಮೆ ಓದಲಾಯಿತು:

"ನಾಲ್ಕೂ ತಾಲೂಕುಗಳ ಬಿಜಲಿ ರಂಧ್ರಗಳನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಲಾಗಿ, ಕೊಪ್ಪಳದ ರಂಧ್ರವು ಸರ್ಕಾರಿ ನೌಕರನ ಮೇಲೆ ಕೈಮಾಡಿದ್ದರಿಂದ ಅಪಾಯಕಾರಿ ಎಂದೂ, ಗಂಗಾವತಿಯದು ಚಂಚಲ ಸ್ವಭಾವದ್ದೆಂದೂ, ಯಲಬುರ್ಗಾದ ರಂಧ್ರವು ಗೈರುಹಾಜರೆಂದೂ, ಕುಷ್ಟಗಿಯ ಹಂಪಣ್ಣನವರ ಗೋಡೆಯ ರಂಧ್ರವು ಸರ್ವಥಾ ನಿರಪಾಯವೆಂದೂ ತೀರ್ಮಾನಿಸಲಾಗಿದೆ. ಉಳಿದ ರಂಧ್ರಗಳ ಮಾಲೀಕರು ಎರಡು ತಿಂಗಳೊಳಗಾಗಿ ತಮ್ಮ ರಂಧ್ರಗಳನ್ನು ಕುಷ್ಟಗಿಯ ಮಟ್ಟಕ್ಕೆ ತರತಕ್ಕದ್ದು."

ಹಂಪಣ್ಣ ಊರ ತುಂಬ ಬೆಲ್ಲ ಹಂಚಿದ. "ಹೈದರಾಬಾದಿನಾಗ ತೂತು ಮುಟ್ಟಿದ್ರ ಮಂದಿ ಸಾಯತಾರ. ನಮ್ಮ ತೂತಿನ್ಯಾಗ ಮಂದಿ ನಿದ್ದಿ ಮಾಡತಾರ!" ಎಂದು ಎಣ್ಣೆ ಅಳೆಯುತ್ತ ಗಿರಾಕಿಗಳಿಗೆ ಹೇಳಿದ. ಒಬ್ಬರೂ ಅಲ್ಲವೆನ್ನಲಿಲ್ಲ, ಮುದುಕಪ್ಪನ ಗೊರಕೆಗೆ ಊರೇ ಸಾಕ್ಷಿ.

ಪಂಚಮಿ ಮೂರು ದಿನವಿದ್ದಾಗ ಮೋಟಾರನ್ನು ತೂತಿಗೆ ಕಟ್ಟಿದರು. ಬೆಳಗಿನಿಂದ ಸಂಜೆತನಕ ಎಂಟು ತಾಸು ಅದು ಪ್ರಶಾಂತವಾಗಿ ನಿಂತಿತ್ತು. ಪೇಶ್ಕಾರರು "ಕುಡಿದು ತಣಿದಿದೆ" ಎಂದು ದೃಢಪತ್ರ ಬರೆದು, ಕೂರುವವರ ಹೆಸರಿನ ಮುಂದೆ ಬಸವಣ್ಣೆಮ್ಮ ಎಂದೂ, ಚಾಲಕರ ಹೆಸರಿನ ಮುಂದೆ ಹಂಪಣ್ಣ ಎಂದೂ ತುಂಬಿ ಮೊಹರು ಒತ್ತಿದರು. ಹಂಪಣ್ಣ ಹೊಸ ಪಟಗ ಸುತ್ತಿ ಒಳಗೆ ಕೂತು ಹಿಡಿಕೆ ತಿರುವಿದ.

ಮೋಟಾರು ಅಲುಗಲಿಲ್ಲ. ಇನ್ನೊಮ್ಮೆ ತಿರುವಿದ. ಗಾಜಿನ ಹೊರಗೆ ಊರೆಲ್ಲ ನೋಡುತ್ತಿತ್ತು. ಹನ್ನೊಂದು ವರ್ಷ ತಿರುವಿದ ಮೀಸೆ ಮೊದಲ ಸಲ ಜೋಲು ಬಿತ್ತು. ಇಳಿದು ಬಂದವನೇ ಹೆಂಡತಿಯ ಮುಂದೆ ನಿಂತು, ಯಾರಿಗೂ ಕೇಳದ ಧ್ವನಿಯಲ್ಲಿ, "ಬಸವಣ್ಣೀ, ಗಾಡಿ ಕಟ್ಟಸ್ಲೇನು? ಆ ಮಂದಿ ನಕ್ರ ನಗಲಿ. ನೀ ಅವ್ವನ ಮಾರಿ ನೋಡು," ಎಂದ.

ಬಸವಣ್ಣೆಮ್ಮ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಆಮೇಲೆ ಪೇಶ್ಕಾರರ ಕಡೆ ತಿರುಗಿ, "ಸಾಹೇಬ್ರ, ಎತ್ತು ಹೂಡಿದ್ರ ಇದು ಮೋಟಾರ ಅಲ್ಲಂತ ಯಾವ ಕಲಮಿನ್ಯಾಗರ ಐತ್ರ್ಯಾ?" ಎಂದು ಕೇಳಿದಳು.

ಪೇಶ್ಕಾರರು ಕಾಯಿದೆಯನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಮಗುಚಿದರು. "ಇಲ್ಲವಾ. ಗಾಲಿ ಐತಿ, ತಂತಿ ಐತಿ, ಮೊಹರ ಐತಿ. ಕಾಯಿದೇಶೀರ ಇದು ಓಡೋ ಮೋಟಾರ. ಎತ್ತು ಅಂದ್ರ..." ಲೇಖಣಿ ಅದ್ದಿ ದೃಢಪತ್ರದ ಕೆಳಗೆ ಬರೆದರು: "ಬಾಹ್ಯ ಬ್ಯಾಟರಿ, ನಗ ಎರಡು, ಒಂದು ಮಾಸು, ಒಂದು ಕೆಂಪು."

"ಹತ್ತಿಕಾಳು ತಿಂತಾವ್ರಿ ಅವು," ಎಂದ ಗಿಡ್ಡಪ್ಪ ಅಭಿಮಾನದಿಂದ. ಅದನ್ನೂ ಬರೆದುಕೊಂಡರು.

ಪಂಚಮಿಯ ಮುಂಜಾನೆ ಇರಕಲ್ಲಗಡದ ಅಗಸಿಯೊಳಗೆ ಗಾಜಿನ ಮೋಟಾರು ಗಂಟೆ ನಾದ ಮಾಡುತ್ತ ಬಂತು. ಗಂಟೆ ಕೆಂದ್ಯಾನ ಕೊರಳದು. ಹಂಪಣ್ಣ ಹಿಡಿಕೆ ಹಿಡಿದು ಮುಂದೆ ನೋಡುತ್ತಿದ್ದ. ಬಸವಣ್ಣೆಮ್ಮ ಮಖಮಲ್ಲಿನ ಮೇಲೆ ಉಂಡಿಯ ಡಬ್ಬಿ ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಯಾರೂ ನಗಲಿಲ್ಲ. ದೃಢಪತ್ರವನ್ನು ಮುಂದಿನ ಗಾಜಿಗೆ ಅಂಟಿಸಲಾಗಿತ್ತು. ಮೊಹರು ಕಂಡ ಮೇಲೆ ನಗುವ ಧೈರ್ಯ ಯಾರಿಗಿದೆ?

ತಾಯಿ ಕಳಕಮ್ಮ ಹೊಸ್ತಿಲು ದಾಟಿ ಬಂದು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು. "ಬಡಕಲಾಗೀಯಲ್ಲ," ಎಂದಳು. ಕಣ್ಣಿನಲ್ಲಿ ಅಷ್ಟು ಬೆಳಕು ಉಳಿದಿತ್ತು. ಆಮೇಲೆ ಮೋಟಾರು ನೋಡಬೇಕೆಂದು ತಡವರಿಸುತ್ತ ಮುಂದೆ ಹೋಗಿ ಮಾಸ್ಯಾನ ಗಂಗೆದೊಗಲು ಸವರಿದಳು.

"ಇಂಜಿನ್ನು ಬೆಚ್ಚಗ ಐತಿ. ಭಾಳ ದೂರ ಓಡೇತಿ, ಪಾಪ," ಎಂದಳು.

"ಹೌದ್ರಿ ಅತ್ತೀ, ಎಂಟು ಹರದಾರಿ," ಎಂದ ಹಂಪಣ್ಣ. ಆ ಮಾತಿಗೆ ಅವನು ಎಣ್ಣೆ ಹಚ್ಚಲಿಲ್ಲ.

ನಾಲ್ಕನೆಯ ದಿನ ಹೊರಡುವ ಮಾತು ಬಂತು. ಬಸವಣ್ಣೆಮ್ಮ ಜೋಕಾಲಿಯಿಂದ ಇಳಿಯಲಿಲ್ಲ. "ಹೆಂಗ ಹೊಂಡೋದ್ರಿ? ಕಲಮು ಏಳು ಮರತ್ರೇನು? ಈ ಊರಾಗ ಮೊಹರಾದ ತೂತು ಇಲ್ಲ. ತೂತು ಪಾಸಾಗೋ ತನಕ ಮೋಟಾರ ಹೊಳ್ಳೂ ಹಂಗಿಲ್ಲ. ಅದರಾಗ ಬಂದಾಕಿ ನಾ, ಅದರಾಗ ಹೋಗಬೇಕು."

"ನಾ?"

"ನೀವು ಚಾಲಕರು. ಕಲಮು ಏಳರಾಗ ಚಾಲಕರ ಸುದ್ದಿ ಇಲ್ಲ. ಎತ್ತು ಹೊಂಟಾವು ನೋಡ್ರಿ, ಲಗೂನ ಹೋಗ್ರಿ."

ಅವಳು ಅಂದೇ ತವರಿನ ಗೋಡೆಗೊಂದು ತೂತು ತೋಡಿಸಿ, ತಾಯಿಯ ಹೆಬ್ಬೆರಳು ಒತ್ತಿಸಿ ಅದರ ತಪಾಸಣೆಗೆ ಅರ್ಜಿ ಬರೆಯಿಸಿದಳು. ಗ್ಯಾನಪ್ಪ ಪೇಶ್ಕಾರರು ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಇರಕಲ್ಲಗಡ ಮುಟ್ಟಿದರು. ಬಸವಣ್ಣೆಮ್ಮ ಎಣಗಾಯಿ ಮಾಡಿದ್ದಳು. ಎರಡನೆಯ ತಪಾಸಣೆಗೆ ಶೇಂಗಾ ಹೋಳಿಗೆ ಮಾಡಿದಳು. ದೀಪಾವಳಿ ಹೊತ್ತಿಗೆ ಹತ್ತೊಂಬತ್ತು ತಪಾಸಣೆಗಳಾಗಿ, ಗೋಡೆಯ ಮೇಲಿನ ಶಂಕೆಗಳು ಇನ್ನೂ ಹೆಚ್ಚುತ್ತಲೇ ಇದ್ದವು. ಸಾರು ಮಾತ್ರ ಆ ಮನೆಯಲ್ಲಿ ಒಂದು ದಿನವೂ ಆಗಲಿಲ್ಲ.

ಮುಂದಿನ ಪಂಚಮಿಗೆ ಕುಷ್ಟಗಿ ಸೀಮೆಯ ಹೆಣ್ಣುಮಕ್ಕಳು ತವರಿಗೆ ಹೊರಟಾಗ ಒಬ್ಬೊಬ್ಬರೂ ಎತ್ತಿನ ಗಾಡಿಯ ಮೂಕಿಗೆ ಒಂದೊಂದು ಮೊಳ ತಂತಿ ಕಟ್ಟಿಕೊಂಡೇ ಕೂತರು. ಗಾಲಿ ಇತ್ತು, ತಂತಿ ಇತ್ತು. ಕಲಮು ಎರಡು ತುಂಬಿತು. ಉಳಿದದ್ದನ್ನು ಕಲಮು ಏಳು ನೋಡಿಕೊಂಡಿತು. ಉಮರಸಾಬ ಈಗ ತಂತಿಯ ಅಂಗಡಿ ಇಟ್ಟಿದ್ದಾನೆ. ಬಿಜಲಿಯ ಮಾತು ಎತ್ತುವುದಿಲ್ಲ.

ಹಂಪಣ್ಣ ಎಂದಿನಂತೆ ಎಣ್ಣೆ ಅಳೆಯುತ್ತಾನೆ. ಬೆರಳುಗಳಿಗೆ ರೊಟ್ಟಿ ಸುಟ್ಟ ಕಲೆಗಳಿವೆ.

"ಮನ್ಯಾಗಿನವರು ಎಲ್ಲಿ ಹೋಗ್ಯಾರ್ರಿ ಹಂಪಣ್ಣಾರ?"

"ತವರಿಗೆ. ಮೋಟಾರದಾಗ ಹೋಗ್ಯಾರ," ಎಂದು ಮೀಸೆ ಮುಟ್ಟುತ್ತಾನೆ.

"ಯಾವಾಗ ಬರತಾರ?"

"ತೂತು ಪಾಸಾದ ಮ್ಯಾಲ."

ಗಿರಾಕಿ ತಲೆದೂಗುತ್ತಾನೆ. ಅವನ ಹೆಂಡತಿಯೂ ತವರಿನಲ್ಲಿದ್ದಾಳೆ.

"ಹೌದ್ರಿ," ಎನ್ನುತ್ತಾನೆ, ಸೀಸೆ ಒಡ್ಡಿ. "ಏನ ಅನ್ರಿ, ಸಲಾಮತಿ ಮೊದಲ."